ಕರಾವಳಿಯ ಮನೆಗೆ ಶಹಾಬಾದಿ ಕಲ್ಲೋ, ಗ್ರಾನೈಟೋ, ಟೈಲ್ಸೋ?

ಕೊಪ್ಪಳದ ನಮ್ಮ ಮನೆಯ ಶಹಾಬಾದಿ ಕಲ್ಲಿನ ನೆಲ ಇಂದಿಗೂ ಗಟ್ಟಿಯಾಗಿದೆಯಾದರೂ, ಕಾರವಾರದಲ್ಲಿ ಮನೆ ಕಟ್ಟಿಸುತ್ತಿರುವ ತಮ್ಮ ಅದನ್ನೇ ಹಾಸುವೆನೆಂದಾಗ ನಾನು ಬೇಡವೆಂದೆ. ಅದು ಸುಣ್ಣಕಲ್ಲು, ನೀರು ಹೀರುತ್ತದೆ, ಅಲ್ಲಿನ ದೀರ್ಘ ಮಳೆಗಾಲದಲ್ಲಿ ಸಂದುಗಳಿಗೆ ಬೂಸ್ಟು ಹಿಡಿಯುತ್ತದೆ, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ನಮ್ಮ ಒಲೆಕಟ್ಟೆಯ ಕೆಳಗೆ ಹುಣಸೆರಸ ಚೆಲ್ಲಿದ ಅಂಗೈಯಗಲದ ಬಿಳಿ ಕಲೆ ಎಷ್ಟು ತಿಕ್ಕಿದರೂ ಹೋಗಿಲ್ಲ. ಕುಷ್ಟಗಿ ಕಡೆಯ ಗ್ರಾನೈಟ್ ಹುಳಿಗೆ ಜಗ್ಗದು. ಆದರೆ ಪಾಲಿಶ್ ಮಾಡಿದ ಕಲ್ಲು ಒದ್ದೆಯಾದರೆ ಜಾರುತ್ತದೆ, ಘಟ್ಟ ಇಳಿಸುವ ಲಾರಿ ಬಾಡಿಗೆ ಬೇರೆ. ಆದ್ದರಿಂದ, ನೀರು ಹೀರಿಕೆ ತೂಕದ ಶೇ. 0.5ಕ್ಕಿಂತ ಹೆಚ್ಚಿರದ, ಹೊಳಪಿಲ್ಲದ (ಮ್ಯಾಟ್) ವಿಟ್ರಿಫೈಡ್ ಟೈಲ್ಸ್, ಅಂದರೆ ಗಾಜಿನಂತೆ ಗಟ್ಟಿಯಾಗುವಷ್ಟು ಸುಟ್ಟ ಟೈಲ್ಸ್ ಹಾಕಿಸಿ, ಸಂದುಗಳಿಗೆ ಸಿಮೆಂಟಿನ ಬದಲು ನೀರು ಹೀರದ ರಾಳದ ಎಪಾಕ್ಸಿ ಗ್ರೌಟ್ ತುಂಬಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಮರದ ನಾರು ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆ ತೇವಕ್ಕೆ ಉಬ್ಬುವುದರಿಂದ ಅಲ್ಲಿ ಲೆಕ್ಕಕ್ಕೇ ಇಲ್ಲ.