ರಾಡ್ ಹಾಕಿದ ತೊಡೆ ಮತ್ತೆ ಊದಿದರೆ ಎಣ್ಣೆ ಹಚ್ಚಿ ನೀವಬೇಡಿ

ಮಂಡ್ಯ ಕಡೆಯ ಹಿರಿಯರೊಬ್ಬರು ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡರು. ರಾಡ್ ಹಾಕಿದರು, ಎಕ್ಸ್‌ರೇ ಚೆನ್ನಾಗಿತ್ತು, ಮನೆಗೆ ಕಳಿಸಿದರು. ಎರಡನೇ ವಾರ ತೊಡೆ ಮತ್ತೆ ಊದತೊಡಗಿತು. ‘ಆಪರೇಷನ್ ಆದ ಕಾಲು, ಊತ ಇದ್ದದ್ದೇ’ ಅಂದರು ಹೊಲಿಗೆ ಬಿಚ್ಚಿದವರು. ಮನೆಯವರು ಎಳ್ಳೆಣ್ಣೆ ಬಿಸಿ ಮಾಡಿ ನೀವಿದರು. ಮುಖ ಬಿಳಿಚಿಕೊಂಡು ತಲೆ ಸುತ್ತಿದಾಗ ನೋಡಿದರೆ ಹಿಮೋಗ್ಲೋಬಿನ್ 11ರಿಂದ 7ಕ್ಕೆ ಇಳಿದಿತ್ತು. ಮೈಸೂರಿನಲ್ಲಿ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಮಾಡಿದಾಗ ಗೊತ್ತಾಯಿತು: ತೊಡೆಯ ಆಳದ ಅಪಧಮನಿಯ ಕವಲೊಂದು ತೂತಾಗಿ, ಸುತ್ತ ರಕ್ತ ಚೀಲ ಕಟ್ಟಿಕೊಂಡಿತ್ತು. ಆ ಕವಲಿಗೆ ತಂತಿಸುರುಳಿ ಇಟ್ಟು ಮುಚ್ಚಿದರು.

ಈ ಅಪಧಮನಿ ಮೂಳೆಯ ಒಳಮಗ್ಗುಲಲ್ಲಿ, ತೀರಾ ಹತ್ತಿರದಲ್ಲೇ ಇಳಿಯುತ್ತದೆ. ರಾಡ್ ತಿರುಗದಂತೆ ಹಿಡಿಯುವ ಸ್ಕ್ರೂಗಾಗಿ ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಡ್ರಿಲ್ ಹೊಡೆಯುತ್ತಾರೆ. ಡ್ರಿಲ್ ಮೂಳೆ ದಾಟಿ ಮುಂದಕ್ಕೆ ಹೋದರೆ, ಸ್ಕ್ರೂ ಉದ್ದವಾದರೆ, ಮುರಿದ ಚೂರಿನ ಮೊನೆ ಸರಿದರೆ ನಾಳಕ್ಕೆ ಪೆಟ್ಟು. ಎಲ್ಲ ಸಲವೂ ಸರ್ಜನ್ನರ ತಪ್ಪಲ್ಲ, ಬಿದ್ದಾಗಲೇ ಆಗಿರಲೂಬಹುದು. ಸುತ್ತಲ ಮಾಂಸ ಒತ್ತಿ ಹಿಡಿದಿರುವುದರಿಂದ ದಿನಗಟ್ಟಲೆ, ವಾರಗಟ್ಟಲೆ ತಿಳಿಯುವುದೇ ಇಲ್ಲ. ಪಾದಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಬೇರೆಯದಾದ್ದರಿಂದ ಪಾದದ ನಾಡಿ ಚೆನ್ನಾಗಿಯೇ ಸಿಗುತ್ತದೆ. ನಾಡಿ ಇದೆಯಲ್ಲ ಅಂತ ಸುಮ್ಮನಾಗುವುದು ಇಲ್ಲಿಯೇ.

ಡಿಸ್ಚಾರ್ಜ್ ದಿನದ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿ ಬರೆಸಿಕೊಳ್ಳಿ. ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ದರ್ಜಿ ಟೇಪಿನಲ್ಲಿ ದಿನಾ ಅದೇ ಜಾಗದಲ್ಲಿ ಸುತ್ತಳತೆ ತೆಗೆಯಿರಿ. ಸಾದಾ ಊತ ದಿನೇ ದಿನೇ ಇಳಿಯಬೇಕು. ಅಳತೆ ಏರುತ್ತಿದ್ದರೆ, ಕೈಯಿಟ್ಟಾಗ ಒಳಗೆ ಮಿಡಿದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಊತಕ್ಕೆ ಇನ್ನೊಂದು ಕಾರಣವೂ ಇದೆ: ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಆಗ ಹೆಚ್ಚಾಗಿ ಮೀನಖಂಡ ಊದಿ ನೋಯುತ್ತದೆ. ನೀವಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಹೆಪ್ಪು ಕಟ್ಟದಿರಲೆಂದೇ ಹೊಟ್ಟೆಯ ಚರ್ಮಕ್ಕೆ ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡುವುದು. ಕೆಲವರಿಗೆ 35 ದಿನದವರೆಗೂ. ಆದರೆ ಒಳಗೆ ರಕ್ತ ಸೋರುತ್ತಿದ್ದವರಿಗೆ ಅದೇ ಇಂಜೆಕ್ಷನ್ ಅಪಾಯ. ನೀವಾಗಿಯೇ ನಿಲ್ಲಿಸಬೇಡಿ, ಊತ ನೋಡಿ ಹೆಚ್ಚಿಸಲೂಬೇಡಿ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗುವತನಕ ಊತಕ್ಕೆ ಕಾರಣ ಯಾವುದೆಂದು ಊಹಿಸುವ ಹಾಗಿಲ್ಲ.

ಪಾದ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ಬೆರಳು ಆಡದಿದ್ದರೆ ಮಾತ್ರ ಸ್ಕ್ಯಾನಿಗೂ ಸರದಿ ಕಾಯಬೇಡಿ. ರಕ್ತ ನಿಂತ ಕಾಲು ಉಳಿಸಲು ಸಿಗುವುದು ಸುಮಾರು 6 ಗಂಟೆ. ಮಂಡ್ಯದಿಂದ ಮೈಸೂರಿಗೆ ಹೊರಡುವ ಮೊದಲೇ ಫೋನ್ ಮಾಡಿ, ಆ ಹೊತ್ತಿಗೆ ರಕ್ತನಾಳದ ಸರ್ಜನ್ ಇದ್ದಾರೆಯೇ ಕೇಳಿ.