ಹಳೆ ಕನ್ಸೋಲ್ ಆಟಗಳಿಗೆ ಯಾವುದು ವಾಸಿ: ಪಿಸಿಯೋ, ಪೈಯೋ, ಫೋನೋ?

ಸೋನಿಯ ಆಟದ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್ 2 ಬಂದದ್ದು 2000ರಲ್ಲಿ. ಪ್ರೊಸೆಸರ್ ವೇಗ 300 ಮೆಗಾಹರ್ಟ್ಸ್‌ನ ಆಸುಪಾಸು, ಮೆಮೊರಿ 32 ಎಂಬಿ. ಇವತ್ತಿನ ಸಾಧಾರಣ ಫೋನ್ ಕೂಡ ಅದಕ್ಕಿಂತ ಎಷ್ಟೋ ಪಟ್ಟು ಜೋರು. ಆದರೂ ಅದೇ ಆಟಗಳನ್ನು ಓಡಿಸುವಾಗ ಫೋನ್ ಏದುಸಿರು ಬಿಡುತ್ತದೆ. ಯಾಕೆ ಅಂತ ನೋಡೋಣ ಅನ್ನಿಸಿತು. ಮನೆಯಲ್ಲಿರುವ ಐ5 ಡೆಸ್ಕ್‌ಟಾಪ್, ಪುಟ್ಟ ಬೋರ್ಡ್‌ನಂಥ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಮಧ್ಯಮ ಬೆಲೆಯ ಒಂದು ಆಂಡ್ರಾಯ್ಡ್ ಫೋನ್, ಮೂರರಲ್ಲೂ ಎಮ್ಯುಲೇಟರ್, ಅಂದರೆ ಹಳೆ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್, ಹಾಕಿ ಆಡಿದೆ.

ಮೊದಲ ಪ್ಲೇಸ್ಟೇಷನ್ ವಿಷಯದಲ್ಲಿ ಜಾಸ್ತಿ ಹೇಳುವುದೇನಿಲ್ಲ. 34 ಮೆಗಾಹರ್ಟ್ಸ್‌ನ ಯಂತ್ರ ಅದು. ಟೆಕ್ಕನ್ 3 ಮೂರರಲ್ಲೂ ಸಲೀಸಾಗಿ ನಡೆಯಿತು. ಇಲ್ಲಿ ನನ್ನ ಮತ ಪೈಗೆ. ಟಿವಿಗೆ ಸಿಕ್ಕಿಸಿ ಗೇಮ್‌ಪ್ಯಾಡ್ ಹಿಡಿದರೆ ಮುಗೀತು. ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಹೊಡೆದಾಟದ ಆಟ ಆಡುವುದು ಕಷ್ಟ.

ಸೂಪರ್ ನಿಂಟೆಂಡೊ ಇನ್ನೂ ಹಳೆಯದು, 1990ರದ್ದು. ಪ್ರೊಸೆಸರ್ 4 ಮೆಗಾಹರ್ಟ್ಸ್ ಕೂಡ ಇಲ್ಲ. ಆದರೆ ಅದರಲ್ಲಿ ಮುಖ್ಯ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿಯ ಚಿಪ್ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚೆಂಡೆ ಒಂದೇ ತಾಳಕ್ಕೆ ಸಾಗುತ್ತಾರಲ್ವಾ? ಎಮ್ಯುಲೇಟರ್‌ನಲ್ಲಿ ಒಬ್ಬನೇ ಮೂರನ್ನೂ ನಿಭಾಯಿಸಬೇಕು, ತಾಳವೂ ತಪ್ಪಬಾರದು. ಸ್ನೆಸ್9ಎಕ್ಸ್ ಎಮ್ಯುಲೇಟರ್ ಈ ತಾಳವನ್ನು ಅಲ್ಲಲ್ಲಿ ಅಂದಾಜಿನಲ್ಲಿ ಹಿಡಿಯುತ್ತದೆ. ಹಾಗಾಗಿ ಹಗುರ, ಪೈ ಮೇಲೂ ಫೋನ್ ಮೇಲೂ ಚೆನ್ನಾಗಿ ಓಡಿತು. ಹಿಗನ್ ಅನ್ನೋ ಎಮ್ಯುಲೇಟರ್ ಹಾಗಲ್ಲ. ಒಂದೊಂದು ಮಿಡಿತವನ್ನೂ ಅಸಲಿ ಯಂತ್ರದ ಹಾಗೇ ಲೆಕ್ಕ ಹಾಕುತ್ತದೆ. ಅದಕ್ಕೆ ನನ್ನಲ್ಲಿ ಹೊಂದಿದ್ದು ಡೆಸ್ಕ್‌ಟಾಪ್ ಮಾತ್ರ.

ಇಷ್ಟು ಕರಾರುವಾಕ್ಕು ಬೇಕೇ ಅಂತ ಕೇಳಬಹುದು. ಏರ್ ಸ್ಟ್ರೈಕ್ ಪೆಟ್ರೋಲ್ ಅನ್ನೋ ಆಟದಲ್ಲಿ ವಿಮಾನದ ಕೆಳಗೆ ಒಂದು ನೆರಳು ಬೀಳುತ್ತದೆ. ಪರದೆಯ ಒಂದು ಸಾಲನ್ನು ಬಿಡಿಸುತ್ತಿರುವಾಗಲೇ, ಆ ಸಾಲಿನ ನಡುವೆ, ಆಟ ಹೊಳಪು ಬದಲಿಸಿ ಅದನ್ನು ಮೂಡಿಸುತ್ತದೆ. ಸಾಲನ್ನು ಇಡಿಯಾಗಿ ಒಮ್ಮೆಗೇ ಬಿಡಿಸುವ ಎಮ್ಯುಲೇಟರ್‌ನಲ್ಲಿ ನೆರಳೇ ಇಲ್ಲ! ಆಟ ಮಾಡಿದವರು ಇಟ್ಟದ್ದು ಆಡುವವರಿಗೆ ಕಾಣಲೇಬೇಕು ಅನ್ನುವವಳು ನಾನು. ಅದಕ್ಕೇ ಹಿಗನ್ ಮೇಲೆ ನನಗೆ ಅಷ್ಟು ಗೌರವ.

ಪ್ಲೇಸ್ಟೇಷನ್ 2ಕ್ಕೆ ಬಂದರೆ ತೊಡಕು ಬೇರೆ ಥರ. ಅದರ ಮುಖ್ಯ ಚಿಪ್‌ನ ಒಳಗೆ ಸಾಮಾನ್ಯ ಪ್ರೊಸೆಸರ್ ಜೊತೆ ಹಲವು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಎರಡು ವೆಕ್ಟರ್ ಯೂನಿಟ್‌ಗಳಿವೆ. ಗ್ರಾಫಿಕ್ಸ್ ಚಿಪ್‌ನ ಒಳಗೇ 4 ಎಂಬಿ ಮೆಮೊರಿ ಇದೆ, ಅದರ ವೇಗ ಸೆಕೆಂಡಿಗೆ 48 ಜಿಬಿ. ಪೈಯ ಮೆಮೊರಿ ಈ ವೇಗದ ಹತ್ತಿರಕ್ಕೂ ಬರುವುದಿಲ್ಲ. ಸಾಲದ್ದಕ್ಕೆ ಲೆಕ್ಕದ ರೀತಿಯೂ ಬೇರೆ. ಸಂಖ್ಯೆ ಮಿತಿ ಮೀರಿದರೆ ಇಂಟೆಲ್ (ನನ್ನ ಡೆಸ್ಕ್‌ಟಾಪ್‌ನದು), ಆರ್ಮ್ (ಪೈ, ಫೋನ್‌ಗಳದು) ಪ್ರೊಸೆಸರ್‌ಗಳೆರಡೂ 'ಅನಂತ' ಅನ್ನುತ್ತವೆ. ಪಿಎಸ್2ಗೆ ಅನಂತವೇ ಗೊತ್ತಿಲ್ಲ, ತನಗೆ ಗೊತ್ತಿರುವ ದೊಡ್ಡ ಸಂಖ್ಯೆಗೇ ನಿಲ್ಲುತ್ತದೆ. ಇದನ್ನು ಸರಿಮಾಡದೆ ಬಿಟ್ಟರೆ ಪಾತ್ರಗಳ ಮೈಯಿಂದ ಉದ್ದುದ್ದ ಮುಳ್ಳುಗಳು ಪರದೆಯ ಅಂಚಿನವರೆಗೂ ಚಾಚಿಕೊಳ್ಳುತ್ತವೆ. ಪಿಎಸ್2ರ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ನ ಸೆಟ್ಟಿಂಗ್ಸ್‌ನಲ್ಲಿ ಕ್ಲ್ಯಾಂಪಿಂಗ್ ಅಂತ ಇರುವುದು ಇದಕ್ಕೇ. ಸುಮ್ನೆ ಅದನ್ನು ಆಫ್ ಮಾಡಿ ಆಡಬೇಡಿ.

ಡೆಸ್ಕ್‌ಟಾಪ್‌ನಲ್ಲಿ ಗಾಡ್ ಆಫ್ ವಾರ್ ಅಸಲಿಗಿಂತ ಸ್ಪಷ್ಟವಾಗಿ ಕಂಡಿತು. ಪೈಯಲ್ಲಿ ಈ ಪ್ರಯತ್ನವನ್ನೇ ಬಿಟ್ಟೆ. ಪಿಸಿಎಸ್‌ಎಕ್ಸ್2 ಆಟದ ಮಿಪ್ಸ್ ಕೋಡನ್ನು (ಪಿಎಸ್2 ಪ್ರೊಸೆಸರ್‌ನ ಭಾಷೆ) ಆಟ ನಡೆಯುವಾಗಲೇ ಇಂಟೆಲ್ ಮಾದರಿಯ ಕೋಡಾಗಿ ಬದಲಿಸುತ್ತದೆ. ಆರ್ಮ್ ಪ್ರೊಸೆಸರ್‌ಗೆ ಬೇಕಾದರೆ ಆ ಭಾಗವನ್ನು ಹೊಸದಾಗಿಯೇ ಬರೆಯಬೇಕು. ಫೋನ್‌ಗಾಗಿ ಹಾಗೆ ಬರೆದದ್ದು ಏಥರ್‌ಎಸ್‌ಎಕ್ಸ್2. ಒಬ್ಬರೇ ಡೆವಲಪರ್ ಹೊತ್ತ ಕೆಲಸ, 2023ರಲ್ಲಿ ನಿಂತುಹೋಯಿತು. ನಿಜಕ್ಕೂ ಬೇಸರದ ವಿಷಯ. ಅದರಲ್ಲಿ ಸಣ್ಣ ಆಟಗಳು ಚೆನ್ನಾಗಿವೆ. ದೊಡ್ಡ ಆಟ ಹಾಕಿದರೆ ಸ್ವಲ್ಪ ಹೊತ್ತಿಗೆ ಫೋನ್ ಬೆನ್ನು ಬಿಸಿಯಾಗಿ ತಾನೇ ವೇಗ ಇಳಿಸುತ್ತದೆ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅದು ಮೀರಿದ ಕೂಡಲೇ ಧ್ವನಿ ಕಡಿದು ಕಡಿದು ಬರುತ್ತದೆ. ಚಿತ್ರ ತಡವರಿಸಿದರೆ ಕಣ್ಣು ಸಹಿಸಿಕೊಳ್ಳುತ್ತದೆ, ಕಿವಿ ಸಹಿಸುವುದಿಲ್ಲ.

ಪ್ಲೇಸ್ಟೇಷನ್ 3 ಹಾಕಿದ್ದು ಡೆಸ್ಕ್‌ಟಾಪ್‌ಗೆ ಮಾತ್ರ. ಅದರ ಸೆಲ್ ಪ್ರೊಸೆಸರ್‌ನಲ್ಲಿ ಮುಖ್ಯ ಕೋರ್ (ಲೆಕ್ಕ ಮಾಡುವ ಘಟಕ) ಜೊತೆಗೆ ಆಟಗಳಿಗೆ ಸಿಗುವ ಪುಟ್ಟ ಕೋರ್‌ಗಳೇ ಆರು. ಅದರ ಎಮ್ಯುಲೇಟರ್ ಆರ್‌ಪಿಸಿಎಸ್3 ಅವನ್ನೆಲ್ಲ ಒಟ್ಟಿಗೆ ಓಡಿಸಲು ಹೋದಾಗ ನನ್ನ ನಾಲ್ಕು ಕೋರ್‌ಗಳೂ ಪೂರ್ತಿ ದುಡಿದವು, ಆಟ ಮಾತ್ರ ತೆವಳಿತು. ಈ ಆಸೆ ನಿಮಗೂ ಇದ್ದರೆ ಮೊದಲು ಕೋರ್ ಜಾಸ್ತಿ ಇರುವ ಪ್ರೊಸೆಸರ್‌ಗೆ ದುಡ್ಡು ಹಾಕಿ, ಗ್ರಾಫಿಕ್ಸ್ ಕಾರ್ಡ್ ಆಮೇಲೆ ನೋಡಿಕೊಳ್ಳಿ.