ಕೂಳೆ ಜೋಳಕ್ಕೆ ಹಸು ಬಿಡುವ ಮುನ್ನ

ಹಾಸನದಲ್ಲಿ ಪಶುವೈದ್ಯಕೀಯ ಓದುತ್ತಿರುವ ನಾನು ಇದನ್ನು ಬರೆಯುತ್ತಿರುವುದು ನನ್ನ ಕಿರಿಯರಿಗಾಗಿ. ಊರಿನಲ್ಲಿ ದನ ಕಟ್ಟಿರುವವರೂ ಓದಿಕೊಳ್ಳಿ.

ಅರಸೀಕೆರೆ ಕಡೆಯ ನಮ್ಮ ಹೊಲದಲ್ಲಿ ಮೇವಿನ ಜೋಳ ಕೊಯ್ದಾಗಿತ್ತು. ಆಮೇಲೆ ಮಳೆ ಕೈಕೊಟ್ಟಿತು. ಮಘೆಯಲ್ಲಿ ಎರಡು ಹದ ಬಿದ್ದದ್ದೇ ತಡ, ಕೂಳೆಯಲ್ಲಿ ಗೇಣುದ್ದದ ಚಿಗುರು. ಕೊಟ್ಟಿಗೆಯಲ್ಲಿ ಒಣ ರಾಗಿಹುಲ್ಲು ತಿಂದು ಬೇಸತ್ತ ಎರಡು ಹಸುಗಳು. ಚಿಕ್ಕಪ್ಪ ಕೇಳಿದರು: "ನೀನೇ ಡಾಕ್ಟರಾಗುವವನು, ಹೇಳಪ್ಪ, ಬಿಡಲೇ?" ಬಿಡಿ ಎಂದೆ.

ಕಾಲು ಗಂಟೆಯೂ ಆಗಿರಲಿಲ್ಲ. ಗಬ್ಬದ ಹಸು ಬಾಯಿ ತೆರೆದು ಏದುಸಿರು ಬಿಡುತ್ತ ತೂರಾಡಿ ಬಿದ್ದಿತು. ಹೊಟ್ಟೆಯೂ ತುಸು ಉಬ್ಬಿತ್ತು. ಹೊಟ್ಟೆಯುಬ್ಬರವೆಂದು ಚಿಕ್ಕಪ್ಪ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ತಂದರು, ನಾನು ತಲೆ ಎತ್ತಿ ಹಿಡಿದೆ. ಆಗಲೇ ವಸಡು ಕಂಡದ್ದು: ದಾಸವಾಳದಂತೆ ಕೆಂಪು. ಉಸಿರುಕಟ್ಟಿದ ದನದ ವಸಡು ನೀಲಿಗಟ್ಟಬೇಕು, ಇದೇಕೆ ಹೀಗೆ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಉಸಿರಿಗಾಗಿ ಒದ್ದಾಡುವ ದನಕ್ಕೆ ಬಾಯಲ್ಲಿ ಎಣ್ಣೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದೂ ನೆನಪಾಗಲಿಲ್ಲ. ಪಕ್ಕದೂರಿನಿಂದ ವೈದ್ಯರು ಬರುವಷ್ಟರಲ್ಲಿ ಅದು ಸತ್ತಿತ್ತು. ಕಡಿಮೆ ಮೇಯ್ದಿದ್ದ ಇನ್ನೊಂದಕ್ಕೆ ವಿಷಕ್ಕೆ ಪ್ರತಿಮದ್ದಾಗಿ ರಕ್ತನಾಳದಲ್ಲಿ ಸೋಡಿಯಂ ನೈಟ್ರೈಟ್, ಅದರ ಹಿಂದೆಯೇ ಸೋಡಿಯಂ ಥಯೋಸಲ್ಫೇಟ್ ಕೊಟ್ಟರು. ಅದು ಉಳಿಯಿತು.

ನನಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಳೆ ಜೋಳದಲ್ಲಿ ಧುರ್ರಿನ್ ಎಂಬ ರಾಸಾಯನಿಕ ಇರುತ್ತದೆ, ದನ ಅಗಿದಾಗ ಅದು ಒಡೆದು ಹೈಡ್ರೋಸಯನಿಕ್ ಆಮ್ಲ, ಅಂದರೆ ಸಯನೈಡ್ ವಿಷವಾಗುತ್ತದೆ, ಜೀವಕೋಶಗಳು ಆಮ್ಲಜನಕ ಬಳಸಲಾರದೆ ರಕ್ತದಲ್ಲೇ ಅದು ಉಳಿಯುತ್ತದೆ, ಅದಕ್ಕೇ ಆ ಕೆಂಪು. ಆದರೆ ಜೋಳ ಇದ್ದದ್ದು ಮೇವಿನ ಬೆಳೆಗಳ ನೋಟ್‌ಬುಕ್ಕಿನಲ್ಲಿ, ಸಯನೈಡ್ ಇದ್ದದ್ದು ವಿಷಶಾಸ್ತ್ರದ್ದರಲ್ಲಿ. ವಿಷಸಸ್ಯ ಎಂದರೆ ನನ್ನ ತಲೆಯಲ್ಲಿ ಕಣಗಿಲೆ, ದತ್ತೂರಿ, ಬೇಲಿಯ ಲಂಟಾನ ಅಷ್ಟೇ. ಅಪ್ಪ ಬಿತ್ತಿದ ಬೆಳೆಯನ್ನು ಆ ಸಾಲಿಗೆ ಸೇರಿಸಲು ಮನಸ್ಸು ಒಪ್ಪಿರಲಿಲ್ಲವೋ ಏನೋ.

ಬರದಲ್ಲಿ ಬಾಡಿ ಮಳೆಗೆ ಮತ್ತೆ ಚಿಗುರಿದ ಕೂಳೆ ಮೊದಲ ಬೆಳೆಗಿಂತ ಅಪಾಯ. ಯೂರಿಯಾ ಹಾಕಿದ್ದರಂತೂ ಇನ್ನೂ ಹೆಚ್ಚು. ಹಸಿದ ದನ ಗಬಗಬನೆ ಮೇಯುವುದರಿಂದ ವಿಷ ಒಮ್ಮೆಲೇ ಏರುತ್ತದೆ. ಜೋಳವನ್ನು ಹೂ ಬಿಟ್ಟ ಮೇಲೆ ಕೊಯ್ದು ಹಾಕಿ. ಎಳೆಯದನ್ನು ಕೊಯ್ಯಲೇಬೇಕಾದರೆ ಗರಿಗರಿ ಒಣಗಿಸಿ, ಒಣಗುವಾಗ ವಿಷದ ಬಹುಪಾಲು ಹೋಗುತ್ತದೆ. ಅರ್ಧ ಬಾಡಿದ್ದನ್ನು ನಂಬಬೇಡಿ.

ಎಚ್ಚರ ತಪ್ಪಿ ದನ ಮೇಯ್ದೇಬಿಟ್ಟರೆ, ಗೊಟ್ಟ ಹುಡುಕುವ ಮೊದಲು ವೈದ್ಯರಿಗೆ ಫೋನ್ ಮಾಡಿ. "ಹೊಟ್ಟೆ ಉಬ್ಬಿದೆ" ಎನ್ನಬೇಡಿ, "ಎಳೆ ಜೋಳ ಮೇಯ್ದಿದೆ" ಎನ್ನಿ. ಯಾವ ಔಷಧಿ ಹಿಡಿದು ಹೊರಡಬೇಕೆಂದು ಅವರಿಗೆ ಅಷ್ಟರಲ್ಲೇ ತಿಳಿಯುತ್ತದೆ.